ಲೆನ್ಸ್‌ಗೆ ಮುಚ್ಚಳ ಹಾಕಿದ ಕ್ಯಾಮೆರಾಮನ್

ಸ್ಟಾರ್‌ಗಳ ಬಾಲ ಹಿಡಿದು ಓಡುವವರು ಇದನ್ನು ಓದದಿದ್ದರೂ ನಷ್ಟವಿಲ್ಲ... ಉಳಿದವರು ಓದಿ.

ಕಪ್ಪು-ಬಿಳುಪು ಸಿನಿಮಾ ಕಾಲ. ಮೈಸೂರಿನ ಒಂದು ಸ್ಟುಡಿಯೋ.

ಗುರುಲಿಂಗಯ್ಯ ವರ್ಷಗಟ್ಟಲೆ ಅಸಿಸ್ಟೆಂಟ್ ಆಗಿ ದುಡಿದು ಕೊನೆಗೂ ಕ್ಯಾಮೆರಾಮನ್ ಆಗಿದ್ದರು. ಅದು ಅವರ ಮೊದಲ ಸಿನಿಮಾ.

ಆಗ ಸೆಟ್‌ನಲ್ಲಿ ಮಾನಿಟರ್ ಇರಲಿಲ್ಲ. ಶಾಟ್ ಹೇಗೆ ಬಂತೆಂದು ಗೊತ್ತಾಗುತ್ತಿದ್ದುದು ಕ್ಯಾಮೆರಾಮನ್ ಒಬ್ಬನಿಗೇ. ಅವನು "ಓಕೆ" ಅಂದರೆ ಓಕೆ.

ಹೀರೋ... ಹೆಸರು ಹೇಳುವುದಿಲ್ಲ, ಅಷ್ಟು ಮರ್ಯಾದೆಗೂ ಅವನು ಲಾಯಕ್ಕಲ್ಲ.

ಅವತ್ತಿನ ಸೀನ್‌ನಲ್ಲಿ ಅವನು ಮನೆಕೆಲಸದವಳ ಕೆನ್ನೆಗೆ ಹೊಡೆಯಬೇಕು. ಆ ಪಾತ್ರಕ್ಕೆ ಬಂದವರು ನಾಟಕ ಕಂಪನಿಯ ಪಂಕಜಮ್ಮ.

ಹೊಡೆದ ಹಾಗೆ ಮಾಡಿದರೆ ಸಾಕಿತ್ತು... ಈ ಮಹಾಶಯ ನಿಜವಾಗಿಯೇ ಬಾರಿಸಿದ.

"ಓಕೆ ಸರ್," ಅಂದರು ಗುರುಲಿಂಗಯ್ಯ.

"ನಂಗೆ ಓಕೆ ಇಲ್ಲ. ವಿಗ್ ಜರುಗ್ತು. ಇನ್ನೊಂದು."

ಮತ್ತೆ ಏಟು. ಈ ಸಲ ಮಹಾನ್ ಕಲಾವಿದ ಡೈಲಾಗ್ ಮರೆತ. ಮತ್ತೆ ಏಟು... ಪಂಕಜಮ್ಮ ಗೋಡೆ ಹಿಡಿದು ನಿಂತರು. ಡೈರೆಕ್ಟರ್, ಪ್ರೊಡ್ಯೂಸರ್ ಇಬ್ಬರ ಬಾಯಲ್ಲೂ ಕಡುಬು.

"ಇನ್ನೊಂದು," ಅಂದ ಹೀರೋ.

ಗುರುಲಿಂಗಯ್ಯ ಲೆನ್ಸ್‌ಗೆ ಮುಚ್ಚಳ ಹಾಕಿದರು.

"ನಾನು ತೆಗೆಯಲ್ಲ ಸರ್. ಮೊದಲನೇದೇ ಚೆನ್ನಾಗಿತ್ತು."

"ಹಂಗಾದ್ರೆ ಗೇಟ್ ಆ ಕಡೆ ಇದೆ, ನಡಿಯಯ್ಯ."

ನಡೆದರು. ಶೂಟಿಂಗ್ ನಿಂತಿತು. ಆ ಹೀರೋ ಮೆರೆದಷ್ಟು ಕಾಲ ಯಾವ ಸ್ಟುಡಿಯೋನೂ ಅವರನ್ನು ಒಳಗೆ ಬಿಡಲಿಲ್ಲ.

ನಂಜನಗೂಡಿನಲ್ಲಿ ಒಂದು ಅಂಗಡಿ ಇಟ್ಟು, ಪಾಸ್‌ಪೋರ್ಟ್ ಫೋಟೋ ತೆಗೆದು ಬದುಕಿದರು. "ಯಾವಳಿಗೋಸ್ಕರನೋ ಬಾಳು ಹಾಳು ಮಾಡ್ಕೊಂಡ" ಅಂತ ನೆಂಟರು ನಕ್ಕರು. ಥೂ, ಇಂಥ ನೆಂಟರಿದ್ದರೆ ಶತ್ರುಗಳು ಯಾಕೆ ಬೇಕು?

ಆದರೆ ಒಂದೊಂದು ಸಲ ಗುರುಲಿಂಗಯ್ಯನವರಿಗೂ ಹಾಗೇ ಅನ್ನಿಸುತ್ತಿತ್ತು...

ಎಷ್ಟೋ ವರ್ಷಗಳ ಮೇಲೆ ವಯಸ್ಸಾದ ಹೆಂಗಸೊಬ್ಬರು ಮಗಳ ಜೊತೆ ಅಂಗಡಿಗೆ ಬಂದರು. ಕಲಾವಿದರ ಪಿಂಚಣಿಗೆ ಫೋಟೋ ಬೇಕಿತ್ತು.

"ಸ್ವಲ್ಪ ತಲೆ ಎತ್ತಿ ಅಮ್ಮಾ." ಆಕೆಗೆ ಕೇಳಿಸಲಿಲ್ಲ. ಮಗಳು ಭುಜ ತಟ್ಟಿದ ಮೇಲೆ ತಿರುಗಿದರು.

"ಈ ಕಡೆ ಬಂದು ಹೇಳಿ ಸ್ವಾಮಿ. ಆ ಕಿವಿ ಸಿನಿಮಾದಲ್ಲಿ ಏಟು ತಿಂದು ಹೋಯ್ತು. ಇವಳು ಆಗ ಹೊಟ್ಟೇಲಿದ್ಲು. ಬಸುರಿ ಅಂದ್ರೆ ಪಾರ್ಟು ಕೊಡಲ್ಲ ಅಂತ ಮುಚ್ಚಿಟ್ಟಿದ್ದೆ. ಇನ್ನೊಂದು ಏಟು ಬಿದ್ದಿದ್ರೆ ಅಲ್ಲೇ ಬಿದ್ದು ಹೋಗ್ತಿದ್ದೆ... ಪುಣ್ಯಾತ್ಮ ಕ್ಯಾಮೆರಾಮನ್ ಬೇಡ ಅಂದ್ಬಿಟ್ರು."

ಗುರುಲಿಂಗಯ್ಯ ಆ ಮಗಳ ಮುಖವನ್ನೇ ನೋಡಿದರು. ಕಣ್ಣು ತುಂಬಿ ಏನೂ ಕಾಣಿಸಲಿಲ್ಲ.

"ನೀನೂ ಪಕ್ಕ ನಿಂತ್ಕೊಳ್ಳವ್ವ," ಅಂದರು. "ಈ ಒಂದು ಫೋಟೋ ನನಗೆ ಬೇಕು."

*ಅನ್ಯಾಯಕ್ಕೆ ಕ್ಯಾಮೆರಾ ಹಿಡಿದು ನಿಲ್ಲುವವನೂ ಆ ಅನ್ಯಾಯದಲ್ಲಿ ಪಾಲುದಾರ.*

ನಿಮ್ಮ ಕಣ್ಣೆದುರು ಯಾರಿಗೋ ಏಟು ಬೀಳುವಾಗ... ನೀವು ಮೊಬೈಲ್ ಎತ್ತಿ ವಿಡಿಯೋ ಮಾಡುತ್ತೀರೋ, ಅಥವಾ ಅಡ್ಡ ಹೋಗುತ್ತೀರೋ?