ಹದಿನೆಂಟು ಸಾವಿರದ ಬಾಟಲಿ, ನೀಲವ್ವನ ಮೂಗು

ಈ ಕಥೆಯಲ್ಲಿ ವೈನ್ ಇದೆ... ಗಾಬರಿಯಾಗಬೇಡಿ, ಯಾರೂ ಒಂದು ಗುಟುಕು ದಾಟಲಿಲ್ಲ.

ಬ್ಯಾಡಗಿಯಲ್ಲಿ ಮುರಿಗೆಪ್ಪ ಅಂತ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಚೀಲದ ಬಾಯಿ ಬಿಚ್ಚಿದರೆ ಸಾಕು, ಕಾಯಿ ಚೆನ್ನಾಗಿ ಒಣಗಿದೆಯೋ, ಒಳಗೊಳಗೇ ಬೂಷ್ಟು ಹಿಡಿದಿದೆಯೋ, ಮೂಸಿಯೇ ಹೇಳುತ್ತಾನೆ ಎಂದು ಊರೆಲ್ಲ ಹೆಸರು.

"ಮುರಿಗೆಪ್ಪನ ಮೂಗು" ಅಂದರೆ ಮಾರ್ಕೆಟ್‌ನಲ್ಲಿ ಸರ್ಟಿಫಿಕೇಟ್ ಇದ್ದ ಹಾಗೆ!

ನಿಜ ಏನು ಗೊತ್ತಾ? ಆ ಮೂಗು ಅವನದಲ್ಲ...

ದಿನಾ ಬೆಳಿಗ್ಗೆ ಗೋದಾಮಿನಲ್ಲಿ ಒಂದೊಂದು ಚೀಲಕ್ಕೂ ಕೈ ಹಾಕಿ, ಮೂಸಿ, "ಇದು ಆಗ್ತೈತಿ, ಇದು ಬ್ಯಾಡ" ಎನ್ನುತ್ತಿದ್ದವಳು ಅವನ ಹೆಂಡತಿ ನೀಲವ್ವ. ಅದನ್ನೇ ಅಂಗಡಿಯ ಗಾದಿ ಮೇಲೆ ಕೂತು ತನ್ನ ಮಾತಿನಂತೆ ಹೇಳುತ್ತಿದ್ದವನು ಮುರಿಗೆಪ್ಪ.

ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು.

ಮೈಸೂರಿನಲ್ಲಿ ಮಸಾಲೆ ಪುಡಿ ಕಂಪನಿ ನಡೆಸುವ ಪೊನ್ನಪ್ಪನವರಿಗೆ ಈ ಮೂಗಿನ ಮೇಲೆ ಬಲು ನಂಬಿಕೆ. ತಮ್ಮ ಕಂಪನಿಯ ವರ್ಷದ ಖರೀದಿಯನ್ನೆಲ್ಲ ಮುರಿಗೆಪ್ಪನಿಗೇ ಒಪ್ಪಿಸಬೇಕೆಂದು ಹುಬ್ಬಳ್ಳಿಗೆ ಬಂದರು.

"ಊಟ ಮಾಡ್ತಾ ಸೈನ್ ಮಾಡೋಣ. ಮನೆಯವರನ್ನೂ ಕರ್ಕೊಂಡ್ ಬನ್ನಿ" ಎಂದರು.

ಮುರಿಗೆಪ್ಪ ದೊಡ್ಡ ಹೋಟೆಲ್‌ನಲ್ಲೇ ಮಧ್ಯಾಹ್ನದ ಊಟಕ್ಕೆ ಟೇಬಲ್ ಬುಕ್ ಮಾಡಿಸಿದ. ಕಾರಿನಲ್ಲೇ ಹೆಂಡತಿಗೆ ತಾಕೀತು... "ಅಲ್ಲಿ ನೀ ಏನೂ ಮಾತಾಡಬ್ಯಾಡ. ಕೊಟ್ಟದ್ದು ತಿನ್ನು, ಸುಮ್ಕ ಕುಂದ್ರು."

ನೀಲವ್ವ ಹೂಂ ಅಂದಳು. ಆದರೆ ಒಳಗೆ ಕಾಲಿಟ್ಟ ಮೇಲೆ ಕುತೂಹಲ ಕೇಳಬೇಕಲ್ಲ!

"ಏನ್ರಿ, ಒಬ್ಬೊಬ್ಬರಿಗೆ ಇಷ್ಟು ಚಮಚ ಯಾಕ? ಇನ್ನೂ ಯಾರರ ಬರೋರು ಅದಾರೇನು?"

ಮುರಿಗೆಪ್ಪ ಕಣ್ಣು ಬಿಟ್ಟ. ನೀಲವ್ವ ಬಾಯಿ ಮುಚ್ಚಿದಳು.

ಪೊನ್ನಪ್ಪನವರಿಗೆ ವೈನ್ ಇಷ್ಟ ಎಂದು ಯಾರೋ ಹೇಳಿದ್ದರು. ಮುರಿಗೆಪ್ಪನಿಗೆ ಅದರ ಗಂಧಗಾಳಿಯೂ ಗೊತ್ತಿಲ್ಲ. ಆದರೂ ಎದೆಯುಬ್ಬಿಸಿ ಹೇಳಿದ, "ಎಲ್ಲಕ್ಕಿಂತ ತುಟ್ಟಿದು ಯಾವುದೈತಿ, ಅದನ್ನ ತರ್ರಿ."

ಹದಿನೆಂಟು ಸಾವಿರ!

ತಲೆ ನರೆತ ವೇಟರ್ ಬಾಟಲಿ ತೆರೆದು, ಮುರಿಗೆಪ್ಪನ ಗ್ಲಾಸಿಗೆ ಬರೀ ಒಂದು ಗುಟುಕು ಸುರಿದು, ಕೈಕಟ್ಟಿ ನಿಂತರು.

ಅಷ್ಟು ದುಡ್ಡಿಗೆ ಇಷ್ಟೇನಾ ಅನ್ನಿಸಿತು ಅವನಿಗೆ. ಇದೇನೋ ದೊಡ್ಡವರ ಮರ್ಯಾದೆ ಇರಬೇಕು ಎಂದುಕೊಂಡು ತೀರ್ಥದ ಹಾಗೆ ತುಟಿಗೆ ತಾಗಿಸಿದ.

ಏನೋ ಒಂಥರಾ ವಾಸನೆ... ಆದರೆ ಹದಿನೆಂಟು ಸಾವಿರದ್ದನ್ನು ಚೆನ್ನಾಗಿಲ್ಲ ಅನ್ನಲು ಎಷ್ಟು ಧೈರ್ಯ ಬೇಕು!

"ಫಸ್ಟ್ ಕ್ಲಾಸ್!" ಎಂದುಬಿಟ್ಟ.

ಪೊನ್ನಪ್ಪನವರೂ ಒಂದು ಗುಟುಕು ಕುಡಿದರು. ಹುಬ್ಬು ಸ್ವಲ್ಪ ಮೇಲೇರಿತು. "ಹ್ಞಾಂ... ಚೆನ್ನಾಗಿದೆ" ಎಂದರು.

ಇತ್ತ ನೀಲವ್ವ ಮೆಲ್ಲಗೆ ಗಂಡನ ಗ್ಲಾಸ್ ಎತ್ತಿದಳು. ಕುಡಿಯಲಿಲ್ಲ ಮಹಾತಾಯಿ, ಮೂಸಿದಳು ಅಷ್ಟೇ.

"ಏನ್ರಿ, ಇದು ಕೆಟ್ಟೈತಿ. ತೊಯ್ದ ಗೋಣಿಚೀಲದ ವಾಸನಿ ಬರಾಕತ್ತೈತಿ."

ಮುರಿಗೆಪ್ಪನಿಗೆ ನಾಚಿಕೆಯಿಂದ ಜೀವ ಹೋದಂತಾಯಿತು. ಟೇಬಲ್ ಕೆಳಗೆ ಅವಳ ಕಾಲು ತುಳಿದು, ಮೇಲೆ ಹುಸಿನಗೆ ನಕ್ಕ. "ಕತ್ತಿಗೇನ್ ಗೊತ್ತು ಕಸ್ತೂರಿ ವಾಸನಿ ಅಂದಂಗ... ಇಕಿ ಮಾತು ಮನಸಿಗೆ ಹಚ್ಕೋಬ್ಯಾಡ್ರಿ ಸಾಹೇಬ್ರ."

ನೀಲವ್ವನ ಮುಖ ಸಣ್ಣದಾಯಿತು.

ಆದರೆ ವೇಟರ್ ಇನ್ನೊಂದು ಗ್ಲಾಸಿಗೆ ಸ್ವಲ್ಪ ಸುರಿದು ಮೂಸಿದರು. ತಲೆ ತಗ್ಗಿಸಿ ಹೇಳಿದರು, "ಅಮ್ಮ ಹೇಳಿದ್ದೇ ಸರಿ ಸರ್. ಮುಚ್ಚಳದ ಕಾರ್ಕ್ ಕೆಟ್ಟರೆ ಇದೇ ವಾಸನೆ. ನಾನೇ ಮೊದಲು ನೋಡಬೇಕಿತ್ತು, ತಪ್ಪಾಯ್ತು. ಬಾಟಲಿ ವಾಪಸ್ ತಗೋತೀನಿ."

ವೇಟರ್ ಮಾತು ಮುಂದುವರಿಸಿದರು, "ಮೊದಲು ಒಂದೇ ಗುಟುಕು ಹಾಕೋದು ಇದಕ್ಕೇ... ಕೆಟ್ಟಿದ್ರೆ ನೀವು ಹೇಳಲಿ ಅಂತ. ಹತ್ತೊಂಬತ್ತು ವರ್ಷದಿಂದ ಸುರೀತಾ ಇದ್ದೀನಿ. ಬೆಲೆ ನೋಡಿದ ಮೇಲೆ ಎಲ್ಲರೂ ತಲೆ ಆಡಿಸೋರೇ!"

ನೀಲವ್ವನಿಗೆ ತಡೆಯಲಾಗಲಿಲ್ಲ. "ಅಲ್ರೀ ಅಣ್ಣಾರ, ಇಷ್ಟು ರೊಕ್ಕದ್ದೂ ಕೆಡತೈತೇನು?"

"ಕಾರ್ಕಿಗೆ ರೇಟ್ ಓದೋಕೆ ಬರಲ್ಲಮ್ಮಾ."

"ಕೆಡದೇ ಇದ್ರ ಅಷ್ಟು ಬೆಲೆ ಬಾಳತೈತೇನು?"

ವೇಟರ್ ನಕ್ಕರು. "ರುಚಿ ಗೊತ್ತಿದ್ದೋರಿಗೆ ಬಾಳಬಹುದು. ಎಷ್ಟೋ ಜನ ಬಾಟಲಿ ಫೋಟೋ ತಗೊಂಡು, ಅರ್ಧ ಬಿಟ್ಟು ಹೋಗ್ತಾರೆ."

ಪೊನ್ನಪ್ಪನವರು ಮಾತ್ರ ನಗಲಿಲ್ಲ. ಕರಾರಿನ ಕಾಗದಕ್ಕೆ ಸೈನ್ ಮಾಡಲು ತೆಗೆದಿದ್ದ ಪೆನ್ನನ್ನು ಕೆಳಗಿಟ್ಟರು.

"ನನಗೂ ವಾಸನೆ ಬಂತು. ನೀವು ಬೇಜಾರಾಗ್ತೀರಿ ಅಂತ ಸುಮ್ಮನಾದೆ. ಆದ್ರೆ ಮುರಿಗೆಪ್ಪನವ್ರೇ... ಇಡೀ ಮಾರ್ಕೆಟ್ ಹೊಗಳೋ ನಿಮ್ಮ ಮೂಗಿಗೆ ಇದು ಗೊತ್ತಾಗ್ಲಿಲ್ವಾ?"

ಮುರಿಗೆಪ್ಪನಿಗೆ ವರ್ಷದ ವ್ಯಾಪಾರ ಕೈತಪ್ಪುವುದು ಕಣ್ಣಿಗೆ ಕಾಣುತ್ತಿತ್ತು.

ಅಷ್ಟರಲ್ಲಿ ಪಕ್ಕದಿಂದ ಮೆಲ್ಲನೆಯ ದನಿ...

"ಇವರಿಗೆ ನೆಗಡಿ ಆಗೈತ್ರಿ ಸಾಹೇಬ್ರ. ಅದಕ್ಕ ಗೊತ್ತಾಗಿಲ್ಲ."

ಈಗ ತಾನೇ ಯಾವನು ಕಾಲು ತುಳಿದು, ಕತ್ತೆ ಎಂದಿದ್ದನೋ... ಅವನ ಮರ್ಯಾದೆಗಾಗಿ ಅವಳು ಸುಳ್ಳು ಹೇಳುತ್ತಿದ್ದಳು!

ಮುರಿಗೆಪ್ಪ ಹೆಂಡತಿಯ ಮುಖ ನೋಡಿದ. ಕಣ್ಣು ತುಂಬಿ ಬಂತು.

"ಇಲ್ರೀ ಸಾಹೇಬ್ರ... ನನಗ ನೆಗಡಿ ಇಲ್ಲ. ಆ ಮೂಗು ನಂದಲ್ರಿ, ಇಕೀದು. ಇಪ್ಪತ್ತಾರು ವರ್ಷ ಇಕಿ ಹೇಳಿದ್ದನ್ನ ನಾ ನಂದು ಅಂತ ಹೇಳ್ಕೊಂತ ಬಂದೀನಿ. ಬ್ಯಾಡ ಅನಿಸಿದ್ರ ಕಾಗದ ಹರೀರಿ."

ಪೊನ್ನಪ್ಪನವರು ಪೆನ್ನನ್ನು ಮತ್ತೆ ಎತ್ತಿಕೊಂಡರು. ಆಮೇಲೆ ಮುರಿಗೆಪ್ಪನ ಹೆಸರು ಹೊಡೆದುಹಾಕಿ, ಅಲ್ಲಿ ಬೇರೆ ಹೆಸರು ಬರೆದು, ಕಾಗದವನ್ನು ನೀಲವ್ವನ ಮುಂದೆ ಸರಿಸಿದರು.

"ಹಾಗಾದ್ರೆ ನನಗೆ ಬೇಕಾಗಿರೋದು ಇವರ ಸೈನ್."

ನೀಲವ್ವ ಪೆನ್ನು ಹಿಡಿದಳು. ಬರೆಯಲಿಲ್ಲ. "ಮೊದಲ ಓದಿ ಹೇಳ್ರಿ, ಇದರಾಗ ಏನ್ ಬರದೀರಿ" ಎಂದಳು.

ಪೊನ್ನಪ್ಪನವರು ಪೂರ್ತಿ ಓದಿ ಹೇಳಿದರು.

"ಇನ್ನೊಂದು ಸೇರಸ್ರಿ. ನಾ ಬ್ಯಾಡ ಅಂದ ಚೀಲ, ನೀವು ಬೇಕಂದ್ರೂ ಕಳಸಂಗಿಲ್ಲ."

ಸೇರಿಸಿದರು. ಗಂಡ ಕಣ್ಣೊರೆಸಿಕೊಳ್ಳುತ್ತ ಬೆರಳಿಟ್ಟು ಜಾಗ ತೋರಿಸಿದ. ನೀಲವ್ವ ನಿಧಾನಕ್ಕೆ ತನ್ನ ಹೆಸರು ಬರೆದಳು.

*

ಬೆಲೆ ಕೇಳಿ ತಲೆ ಆಡಿಸುವವರು ಬೇಕಾದಷ್ಟು... ಕೆಟ್ಟಿದೆ ಎಂದು ಹೇಳುವವರೇ ನಮ್ಮವರು.

ಈಗ ಹೇಳಿ... ನಿಮಗೆ ಬಂದಿರುವ ಒಳ್ಳೆಯ ಹೆಸರಿನಲ್ಲಿ ನಿಮ್ಮದೆಷ್ಟು, ನೀವು "ಸುಮ್ಮನಿರು" ಎಂದು ಗದರಿದವರದೆಷ್ಟು?