ಕೂತ್ಕೋ ಕಂದಾ

ಹನ್ನೊಂದು ಗಂಟೆಯ ಬಸ್ಸನ್ನು ಮೈಕಣ್ಣ ಪಿಸುದನಿಯಲ್ಲಿ ಕರೆದ. "ನಾಲ್ಕನೇ ಪ್ಲಾಟ್‌ಫಾರಂಗೆ ಬಸ್ಸು ಬರ್ತಾ ಇದೆ... ನಿಧಾನ... ಯಾರೂ ಓಡಬೇಡಿ..." ಇಪ್ಪತ್ತೆರಡು ವರ್ಷ ಅದೇ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಬೆಂಚಿನ ಮೇಲೆ ತೂಕಡಿಸುವವರನ್ನೆಲ್ಲ ಬೆಚ್ಚಿಬೀಳಿಸಿದ ಕಂಠ ಅದು. ಇವತ್ತು ಜೋಗುಳದಂತೆ ಇಳಿದು ಬಂದದ್ದನ್ನು ಕೇಳಿ ಹಣ್ಣು ಮಾರುವವಳು, "ಪಾಪ, ಗಂಟಲು ಕೂತುಹೋಯ್ತು" ಎಂದು ಲೊಚಗುಟ್ಟಿದಳು.

ಗಂಟಲಿಗೆ ಏನೂ ಆಗಿರಲಿಲ್ಲ. ಅವನ ಮೇಜಿನ ಕೆಳಗೆ, ರಟ್ಟಿನ ಪೆಟ್ಟಿಗೆಯಲ್ಲಿ, ಗುಲಗಂಜಿ ಎಂಬ ಬೊಗಸೆಯಷ್ಟು ನಾಯಿ ನಡುಗುತ್ತ ಕೂತಿತ್ತು. ತಿಂಗಳ ಹಿಂದೆ ತೀರಿಕೊಂಡ ಅಕ್ಕನ ನಾಯಿ. ಅಕ್ಕ ಎರಡು ಮಾತಿಗೆ ಮೂರನೆಯದು ಆಡಿದವಳಲ್ಲ. ಗದ್ದಲ ಎಂದರೇನೆಂದೇ ಆ ನಾಯಿಗೆ ಗೊತ್ತಿರಲಿಲ್ಲ. ಮನೆಗೆ ತಂದ ದಿನ ಮೈಕಣ್ಣ ಪ್ರೀತಿಯಿಂದಲೇ "ಬಾರೇ!" ಎಂದಿದ್ದ. ಅಷ್ಟಕ್ಕೇ ಅದು ಬೀರುವಿನ ಕೆಳಗೆ ನುಗ್ಗಿ ಮೂರು ದಿನ ಈಚೆ ಬರಲಿಲ್ಲ, ಒಂದು ತುತ್ತು ಮುಟ್ಟಲಿಲ್ಲ.

ಅದನ್ನು ನಾಯಿ ಡಾಕ್ಟರಮ್ಮನ ಬಳಿಗೆ ಎತ್ತಿಕೊಂಡು ಹೋದ. "ಹೊಡೀಬೇಡಿ, ಗದರಬೇಡಿ, ದನಿ ಏರಿಸಲೇಬೇಡಿ" ಎಂದರು ಆಕೆ. "ಒಂದು ಹೆಜ್ಜೆ ಮುಂದಿಟ್ರೂ ಭೇಷ್ ಅನ್ನಿ, ಚೂರು ಬಿಸ್ಕತ್ತು ಕೊಡಿ. ಮೊದಲು ಕೂರೋದು ಕಲಿಸಿ. ಇವತ್ತು ಆಗ್ಲಿಲ್ವಾ, ನಾಳೆ."

"ನನ್ನ ದನಿ ಇರೋದೇ ಹೀಗಲ್ಲಾ ಡಾಕ್ಟ್ರೇ!" ಎಂದ ಮೈಕಣ್ಣ. ಪಕ್ಕದ ಕೋಣೆಯಲ್ಲಿದ್ದ ಬೆಕ್ಕೊಂದು ಔಷಧದ ಕಪಾಟಿನ ತುದಿಗೆ ಹಾರಿತು.

"ಹಾಗಾದ್ರೆ ಮೊದಲು ನೀವು ಕಲೀರಿ."

ಕಲಿತ. ಹೆಂಡತಿ ಮಗಳ ಹೆರಿಗೆಗೆಂದು ಹೋಗಿದ್ದಳು. ಒಂಟಿಯಾಗಿ ಬಿಟ್ಟರೆ ಗುಲಗಂಜಿ ಊಳಿಡುತ್ತಿತ್ತು. ಹಾಗಾಗಿ ಪೆಟ್ಟಿಗೆ ಸಮೇತ ಅದನ್ನು ಕೆಲಸಕ್ಕೆ ತಂದ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಮೇಜಿನ ಕೆಳಗೆ ಬಗ್ಗಿ, "ಕೂತ್ಕೋ ಕಂದಾ... ಕೂತ್ಕೋ" ಎನ್ನುವನು. ನಡುಗುವಾಗ ಪೆಟ್ಟಿಗೆಯಲ್ಲಿ ತಾನಾಗಿಯೇ ಕೂರುತ್ತಿದ್ದ ನಾಯಿ, ಕೂರು ಎಂದ ಕೂಡಲೇ ಎದ್ದು ನಿಲ್ಲುತ್ತಿತ್ತು. "ಇರ್ಲಿ ಬಿಡು, ಎದ್ದು ನನ್ನನ್ನ ನೋಡಿದ್ಯಲ್ಲ, ಭೇಷ್" ಎಂದು ಅವನು ಬಿಸ್ಕತ್ತು ಮುರಿಯುವನು. ಮೈಕು ಆರಿಸಲು ಎಷ್ಟೋ ಸಲ ಮರೆಯುವನು, ಆ ಮಾತೆಲ್ಲ ನಿಲ್ದಾಣದ ತುಂಬ ಕೇಳಿಸುವುದು.

ವಾರ ಕಳೆಯುವುದರೊಳಗೆ ನಿಲ್ದಾಣದ ಸ್ವರೂಪವೇ ಬದಲಾಯಿತು. ಮೈಕಣ್ಣನ ಮಾತು ಕಿವಿಗೆ ಬೀಳಬೇಕೆಂದರೆ ಸಾವಿರ ಬಾಯಿ ಮುಚ್ಚಲೇಬೇಕಿತ್ತು, ಮುಚ್ಚಿದವು. ಬಸ್ಸಿನ ಬಾಗಿಲಲ್ಲಿ ಮೊಣಕೈಯಿಂದ ತಿವಿಯುತ್ತಿದ್ದವರು "ನೀವು ಹತ್ತಿ", "ಅಯ್ಯೋ, ನೀವು ಮೊದಲು" ಎನ್ನತೊಡಗಿದರು. ಏಳನೇ ನಂಬರಿನ ಡ್ರೈವರಂತೂ ಹಾರ್ನಿನ ಮೇಲೆ ಕೈಯಿಟ್ಟುಕೊಂಡೇ ಹುಟ್ಟಿದವನು. ಅವನೀಗ ಬಸ್ಸನ್ನು ಗೆರೆಯೊಳಗೆ ನಾಜೂಕಾಗಿ ನಿಲ್ಲಿಸಿ, ಮೈಕಣ್ಣನ ಗಾಜಿನ ಕಿಟಕಿಯತ್ತ ನೋಡುತ್ತ ಕಾಯುತ್ತಿದ್ದ. "ಭೇಷ್" ಎಂದು ಕೇಳಿಸಿದ ಮೇಲೇ ಕೆಳಗಿಳಿಯುತ್ತಿದ್ದ.

ಎಂಟನೇ ದಿನ ನಿಲ್ದಾಣದ ಮ್ಯಾನೇಜರು ಬಾಗಿಲು ದೂಡಿಕೊಂಡು ಬಂದರು. ಅವರ ಹೆಜ್ಜೆ ಸಪ್ಪಳಕ್ಕೇ ಕಂಡಕ್ಟರುಗಳು ಬೀಡಿ ನುಂಗುತ್ತಿದ್ದರು. "ಏನ್ರೀ ಇದು, ಬಸ್ ಸ್ಟ್ಯಾಂಡೋ, ತೊಟ್ಟಿಲು ತೂಗೋ ಮನೆಯೋ? ಮೇಲಿನವರು ಕೇಳಿದ್ರೆ ನಾನೇನ್ರೀ ಹೇಳ್ಲಿ? ಈ ಗಳಿಗೇಲಿ ಆ ನಾಯಿ ಹೊರಗೆ ಹೋಗ್ಬೇಕು, ಇಲ್ಲಾ ನೀವು ಹೋಗ್ಬೇಕು!"

ನಾಯಿಯೇ ಹೋಯಿತು. ಪೆಟ್ಟಿಗೆಯಿಂದ ಚಿಮ್ಮಿ, ಅವರ ಕಾಲುಗಳ ಸಂದಿಯಲ್ಲಿ ತೂರಿ, ಪ್ಲಾಟ್‌ಫಾರಂ ದಾಟಿ ಬಸ್ಸುಗಳ ನಡುವೆ ಓಡಿತು. ಏಳನೇ ನಂಬರು ಹಿಂದಕ್ಕೆ ಬರುತ್ತಿತ್ತು. ಆ ದೊಡ್ಡ ಚಕ್ರದ ಎದುರು ಹೋಗಿ ಗುಲಗಂಜಿ ಕಾಲೇ ಬಾರದೆ ನಿಂತುಬಿಟ್ಟಿತು.

ಗಾಜಿನಾಚೆ ಎಲ್ಲ ಕಾಣುತ್ತಿತ್ತು. ಮೈಕಣ್ಣನ ಗಂಟಲಲ್ಲಿ ಇಪ್ಪತ್ತೆರಡು ವರ್ಷದ ಕೂಗು ಒಮ್ಮೆಲೇ ಉಕ್ಕಿ ಬಂತು. ಕೂಗಿದರೆ ಅದು ಇನ್ನೂ ಹೆದರಿ ಚಕ್ರದಡಿಗೇ ನುಗ್ಗುತ್ತದೆ. ಕೂಗನ್ನು ನುಂಗಿಕೊಂಡ. ಕಣ್ಣಲ್ಲಿ ನೀರು ಬಂತು. ಎರಡೂ ಕೈಯಿಂದ ಮೈಕನ್ನು ತುಟಿಗೆ ಎಳೆದುಕೊಂಡು, ಕೂಸಿಗೆ ಹೇಳುವಂತೆ ಹೇಳಿದ: "ನಿಧಾನ... ಹೆದರಬೇಡ... ಕೂತ್ಕೋ ಕಂದಾ... ಕೂತ್ಕೋ."

ಏಳನೇ ನಂಬರು ಗಕ್ಕನೆ ನಿಂತಿತು. ಹಣ್ಣಿನವಳು ಬುಟ್ಟಿಯ ಪಕ್ಕ ಕೂತಳು. ಟಿಕೆಟಿನ ಸಾಲಿನವರು ತಲೆಯಿಂದ ಬಾಲದವರೆಗೆ, ಇಸ್ಪೀಟಿನ ಎಲೆ ಮಗುಚಿದಂತೆ, ಒಬ್ಬರ ಹಿಂದೊಬ್ಬರು ಕೂತರು. ಕೂಲಿಯವರು ಹೊರೆ ಹೊತ್ತುಕೊಂಡೇ ಕುಕ್ಕರಿಸಿದರು. ಇಸ್ತ್ರಿಯ ಸೂಟು ತೊಟ್ಟವನೊಬ್ಬ ಎಣ್ಣೆ ಚೆಲ್ಲಿದ ನೆಲ ಎಂಬುದನ್ನೂ ನೋಡದೆ ಚಕ್ಕಳಮಕ್ಕಳ ಹಾಕಿದ. ಆ ಇಡೀ ನಿಲ್ದಾಣದಲ್ಲಿ ಕೂರದೆ ನಿಂತಿದ್ದುದು ಗುಲಗಂಜಿ ಒಂದೇ.

ಅದು ಕತ್ತು ತಿರುಗಿಸಿ ಸುತ್ತ ನೋಡಿತು. ಆಕಾಶದಲ್ಲಿರುತ್ತಿದ್ದ ಮುಖಗಳೆಲ್ಲ ಅದರ ಎತ್ತರಕ್ಕೆ ಇಳಿದು ಬಂದಿದ್ದವು. ಯಾರೂ ಮಿಸುಕಲಿಲ್ಲ. ಅದರ ಬಾಲ ಮೆಲ್ಲಗೆ ಮೇಲೆದ್ದಿತು. ಮೊದಲು ಹಣ್ಣಿನವಳ ಬೆರಳು ಮೂಸಿತು. ಆಮೇಲೆ ಸೂಟಿನವನ ಮೊಣಕಾಲು. ಆಮೇಲೆ, ಬಾಗಿಲಿಗೆ ಬಂದು ಮಂಡಿಯೂರಿದ ಮೈಕಣ್ಣನ ಕಡೆಗೆ ಒಂದೊಂದೇ ಹೆಜ್ಜೆ ಇಟ್ಟಿತು.

ಅವನ ಹಿಂದೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ತಿರುಗಿ ನೋಡಿದ. ಮ್ಯಾನೇಜರು ಕಡತವನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತಿದ್ದರು.

"ನನ್ನ ಹತ್ರಾನೂ ಬರುತ್ತೇನ್ರೀ?" ಎಂದು ಅವರು ಪಿಸುಗುಟ್ಟಿದರು.