ಅರಬೈಲಿನ ಅಂಕಿಗಳು

ಕರೆಂಟು ಹೋಗಿ ಬಂದದ್ದು ಒಂದೇ ಕ್ಷಣ. ಅಷ್ಟರಲ್ಲಿ ಅಭಿಜ್ಞಾಳ ಕಂಪ್ಯೂಟರ್ ಪರದೆಯ ಮೇಲಿನ ಅಂಕಿಗಳ ಟೇಬಲ್ ಬರಿದಾಗಿತ್ತು. ಅರಬೈಲ್ ಘಟ್ಟದ ಗುಡ್ಡ ಎಷ್ಟು ಸರಿಯುತ್ತಿದೆಯೆಂದು ಸೆನ್ಸರುಗಳು ಸೆಕೆಂಡಿಗೆ ಸಾವಿರಾರು ಅಂಕಿ ಕಳಿಸುತ್ತಿದ್ದವು. ಅವನ್ನು ಉಳಿಸಿಡುವ ಡಿಸ್ಕಿನ ವೇಗ ಸಾಲದೆಂದು, ಹೀಗೂ ಮಾಡಿ ನೋಡೋಣವೆಂದು, ಬೆಳಿಗ್ಗೆ ಅವಳೇ ಟೇಬಲನ್ನು ಪೂರ್ತಿ, ಕರೆಂಟು ಹೋದರೆ ಅಳಿಸಿಹೋಗುವ ಮೆಮೊರಿಗೆ ಹಾಕಿದ್ದಳು. ಗುಡ್ಡ ಬೆಳಗಿನಿಂದ ಎಷ್ಟು ಜರುಗಿತೆಂದು ಹೇಳಲು ಈಗ ಏನೂ ಉಳಿದಿರಲಿಲ್ಲ.

ಘಟ್ಟದ ಗೇಟಿನಲ್ಲಿ ವಾಹನಗಳನ್ನು ತಡೆದು ಬಿಡುವ ಸಂದೇಶನ ಫೋನು ಬಂತು. "ಅಭಿಜ್ಞಾ, ಮೂರು ಬಸ್ಸು ನಿಂತಿದ್ದು. ಗುಡ್ಡ ಗಟ್ಟಿ ಇದ್ದಾ? ಬಿಡ್ಲಾ?"

ಅವಳ ಬೆರಳುಗಳು ಮತ್ತೆ ಮತ್ತೆ ಹುಡುಕಿದವು. ಒಂದು ಸಾಲೂ ಸಿಗಲಿಲ್ಲ. ಅಂಕಿಯಿಲ್ಲವೆಂದರೆ ಕೆಲಸ ಹೋಗುತ್ತದೆ. ಗಟ್ಟಿಯಿದೆ ಎಂದುಬಿಟ್ಟರೆ?

"ಬಿಡಡ ಸಂದೇಶ," ಎಂದು ತಡೆದು, ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. "ಅಂಕಿ ಎಲ್ಲ ಹೋತು. ಆನೇ ಕಳದಿ."

ಬಸ್ಸುಗಳು ಹಿಂದಕ್ಕೆ ತಿರುಗುವ ಸದ್ದು ಕೇಳುವವರೆಗೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.